ಮೂಲೆಯ ಅರಿಶಿನ

ಕುಷ್ಟಗಿ
12 ಜೂನ್ 2023

ಜಯನಗರ ಐದನೇ ಬ್ಲಾಕಿನ ಈ ಮನೆಯಲ್ಲಿ ಈಗ ಇರುವವರಿಗೆ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಲಕೋಟೆಯ ಮೇಲಿನ ವಿಳಾಸ ಐವತ್ತೊಂದು ವರ್ಷ ಹಳೆಯದು. ಆ ಜಾಗದಲ್ಲಿ ಈಗ ಮನೆ ಇದೆಯೋ ಅಂಗಡಿ ಇದೆಯೋ ಅದೂ ತಿಳಿಯದು.

ನಾನು ದಾನಮ್ಮ. ಪ್ರಾಥಮಿಕ ಶಾಲೆಯಲ್ಲಿ ಮೂವತ್ತಾರು ವರ್ಷ ಪಾಠ ಹೇಳಿ ಈ ಏಪ್ರಿಲ್‌ನಲ್ಲಿ ನಿವೃತ್ತಳಾದೆ. ನನ್ನ ತಂದೆ ದ್ಯಾಮಣ್ಣ ಕಲ್ಲು ಕೆಲಸದವರು. 1971ರಲ್ಲಿ, ನಾನು ಎಂಟು ವರ್ಷದವಳಿದ್ದಾಗ, ದುಡಿಯಲು ಬೆಂಗಳೂರಿಗೆ ಹೋದರು. ಮರುವರ್ಷ ಯುಗಾದಿ ಹೊತ್ತಿಗೆ ಒಂದು ಕಾಗದ ಬಂತು. ಆಮೇಲೆ ಕಾಗದವೂ ಬರಲಿಲ್ಲ, ಅವರೂ ಬರಲಿಲ್ಲ. ಆ ಕಾಗದವನ್ನು ಯಾರೋ ಬರೆದುಕೊಟ್ಟಿದ್ದಾರೆ. ಮಾತು ಮಾತ್ರ ಅಪ್ಪನದೇ:

‘ಸುಬ್ರಹ್ಮಣ್ಯಪುರದಾಗ ಕಲ್ಲಿನ ಖಣಿ ಹತ್ರ ಗುಡಿಸಲದಾಗ ಅದೀನಿ. ಜಯನಗರದಾಗ ಶಿವರಾಮಪ್ಪನೋರ ಮನಿ ಕೆಲಸ ನಡದೈತಿ. ಮುಂದಿನ ಮೂರು ಮೆಟ್ಲ ನಾನ ಕಡದೀನಿ. ಮ್ಯಾಲಿನ ಮೆಟ್ಲಿಗೆ ಒಂದು ಕಮಲ ಬಿಡಿಸೀನಿ. ಯಜಮಾನ್ರು ಬ್ಯಾಡ ಅನ್ನಲಿಲ್ಲ. ಕೂಸಿಗೆ ಹೇಳು, ಸುಗ್ಗಿಗೆ ಬರ್ತೀನಿ.’

ನಿಮ್ಮ ಮನೆಯ ಮೇಲಿನ ಮೆಟ್ಟಿಲಿನಲ್ಲಿ ಕಮಲವಿದೆಯೇ? ಇಲ್ಲದಿದ್ದರೆ ಇಲ್ಲಿಗೆ ನಿಲ್ಲಿಸಿ, ಕಾಗದವನ್ನು ಹರಿದುಬಿಡಿ.

ಇದ್ದರೆ ಒಂದು ಕೆಲಸ ಕೇಳುತ್ತೇನೆ. ನನ್ನ ತಾಯಿ ಹುಲಿಗೆವ್ವನಿಗೆ ಈಗ ಎಂಬತ್ತು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಮಾತು ನಿಂತಿದೆ, ಬಲಗೈ ಬಿದ್ದಿದೆ. ಇವತ್ತಿಗೂ ಹಣೆಗೆ ಕುಂಕುಮ ಇಡುತ್ತಾಳೆ, ಹಸಿರು ಬಳೆ ತೊಡುತ್ತಾಳೆ. ಹೆಚ್ಚು ದಿನ ಇಲ್ಲವೆಂದು ಡಾಕ್ಟರರು ಹೇಳಿದ್ದಾರೆ. ನಮ್ಮ ಓಣಿಯ ಹಿರಿಯರು ಗುರುಬಸಪ್ಪನವರು ಮೊನ್ನೆ ಬಂದು ಕೂತು, ‘ಗಂಡ ಅದಾನೋ ಇಲ್ಲೋ ಗೊತ್ತಿಲ್ಲದಾಕಿನ್ನ ಮುತ್ತೈದಿ ಅಂತ ಉಡಿ ತುಂಬಿ ಹ್ಯಾಂಗ ಕಳಸೂದವ್ವಾ? ಸತ್ತದ್ದಕ್ಕ ಒಂದು ಕಾಗದ ತರಸು, ಇಲ್ಲಾ ಸತ್ತಿಲ್ಲ ಅನ್ನೂದಕ್ಕ ತರಸು’ ಅಂದರು.

ಅಪ್ಪನ ಸಾವು ಅಲ್ಲಿ ಯಾವುದಾದರೂ ದಾಖಲೆಯಲ್ಲಿ ಇದೆಯೇ? ಸಿಕ್ಕರೂ ತಿಳಿಸಿ, ಸಿಗದಿದ್ದರೂ ತಿಳಿಸಿ. ನನಗೆ ಕಿವಿ ಮಂದ, ಫೋನಿನಲ್ಲಿ ಆಗುವುದಿಲ್ಲ. ಮರುಉತ್ತರಕ್ಕೆ ಅಂಚೆಚೀಟಿ ಇಟ್ಟಿದ್ದೇನೆ.

ದಾನಮ್ಮ

*

ಜಯನಗರ
24 ಜೂನ್ 2023

ದಾನಮ್ಮ ಮೇಡಂ ಅವರಿಗೆ,

ಶಿವರಾಮ್ ನನ್ನ ತಂದೆ. ಅವರು ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು. ನಾನು ಅನಂತರಾಮು, ಕಾಲೇಜಿನಲ್ಲಿ ಭೂಗೋಳ ಕಲಿಸುತ್ತೇನೆ. ಮನೆ ಅದೇ.

ನಿಮ್ಮ ಕಾಗದ ಓದಿ ಹೊರಗೆ ಹೋಗಿ ನೋಡಿದೆ. ಮೇಲಿನ ಮೆಟ್ಟಿಲಿನ ಮೇಲೆ ನಾವು ಸ್ಕೂಟರ್ ಹತ್ತಿಸಲು ಸಿಮೆಂಟಿನ ಇಳಿಜಾರು ಹಾಕಿಸಿದ್ದೇವೆ. ಅದರ ಪಕ್ಕದಲ್ಲಿ ನಾಲ್ಕು ಎಸಳು ಕಾಣುತ್ತವೆ. ಈ ಮನೆಯಲ್ಲಿ ಐವತ್ತು ವರ್ಷದಿಂದ ಇದ್ದೇನೆ. ಅವು ಎಸಳು ಎಂದು ನಾನು ಒಮ್ಮೆಯೂ ನೋಡಿರಲಿಲ್ಲ.

ಅವುಗಳ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿದ್ದೇನೆ. ಇದರೊಂದಿಗೆ ಇದೆ. ದಾಖಲೆ ಹುಡುಕುವುದು ನನಗೆ ಹೊಸತಲ್ಲ. ಎರಡು ವರ್ಷದಿಂದ ನಮ್ಮ ಮನೆತನದ ವಂಶವೃಕ್ಷ ಬರೆಯುತ್ತಿದ್ದೇನೆ. ಪ್ರಯತ್ನಿಸುತ್ತೇನೆ. ಹೆಚ್ಚು ಭರವಸೆ ಇಟ್ಟುಕೊಳ್ಳಬೇಡಿ.

ಅನಂತರಾಮು

*

ಕುಷ್ಟಗಿ
5 ಜುಲೈ 2023

ಅನಂತರಾಮು ಸರ್ ಅವರಿಗೆ,

ನಿಮ್ಮ ಕಾಗದವನ್ನು ಅವ್ವನಿಗೆ ಓದಿ ಹೇಳಿದೆ. ಬಂದ ಕಾಗದವನ್ನೆಲ್ಲ ಅವಳಿಗೆ ಓದಿ ಹೇಳುವುದು ನಾನು ಅಕ್ಷರ ಕಲಿತಂದಿನಿಂದ ನಡೆದುಬಂದ ರೂಢಿ. ಪೆನ್ಸಿಲಿನ ಅಚ್ಚನ್ನು ಅವಳ ಮಡಿಲಲ್ಲಿ ಹರಡಿದೆ. ಎಡಗೈ ಬೆರಳಿಂದ ಒಂದೊಂದೇ ಎಸಳನ್ನು ಮುಟ್ಟುತ್ತ ಹೋದಳು. ನಾಲ್ಕು ಮುಗಿದ ಮೇಲೆ ಐದನೆಯದು ಇರಬೇಕಾದ ಖಾಲಿ ಜಾಗದ ಮೇಲೂ ಬೆರಳು ಹೋಯಿತು. ನನಗೆ ಮುಂದೆ ನೋಡಲಾಗಲಿಲ್ಲ, ಒಲೆಯ ಕಡೆ ಹೋದೆ.

ಒಂದು ಮಾತು ಮೊದಲೇ ಹೇಳಬೇಕು. ನನಗೆ ಏನು ಸಿಗಲಿ ಎಂದು ಬೇಡಿಕೊಳ್ಳಬೇಕೋ ತಿಳಿಯುತ್ತಿಲ್ಲ. ಸಿಕ್ಕರೆ ಅವ್ವನ ಬಳೆ ಒಡೆಯುವವಳು ನಾನೇ. ಹೀಗಿದ್ದೂ ಹುಡುಕಿ ಎನ್ನುತ್ತಿದ್ದೇನೆ.

ದಾನಮ್ಮ

*

ಜಯನಗರ
19 ಆಗಸ್ಟ್ 2023

ದಾನಮ್ಮ ಮೇಡಂ ಅವರಿಗೆ,

ತಡವಾಯಿತು. ಮೊದಲು ಗ್ರಂಥಾಲಯಕ್ಕೆ ಹೋಗಿ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿಸಿದೆ. 1972ರ ನಿಧನವಾರ್ತೆಗಳನ್ನು ಆರು ಶನಿವಾರ ಕೂತು ಓದಿದೆ. ನಿವೃತ್ತ ಅಮಲ್ದಾರರು, ಹರಿಕಥೆಯ ದಾಸರು, ‘ಅಪಾರ ಬಂಧುಬಳಗವನ್ನು ಅಗಲಿದ್ದಾರೆ’ ಎಂಬ ಒಂದೇ ವಾಕ್ಯದಲ್ಲಿ ಮುಗಿದವರು. ನಿಮ್ಮ ತಂದೆಯಂಥವರಿಗೆ ಅಲ್ಲಿ ಜಾಗವಿರಲಿಲ್ಲ. ಹಾಗೆಂದು ಗೊತ್ತಿದ್ದೂ ಓದಿದೆ. ಓದುತ್ತ ಹೋದಂತೆ ಬೇರೇನೋ ಆಗತೊಡಗಿತು. ಒಂದು ಊರು ದಿನವೂ ಅಷ್ಟಷ್ಟೇ ಖಾಲಿಯಾಗುತ್ತ, ಮರುದಿನ ಮತ್ತೆ ತುಂಬಿಕೊಂಡೇ ಪತ್ರಿಕೆ ಓದುತ್ತಿತ್ತು.

ಆಮೇಲೆ ಜನನ ಮರಣ ನೋಂದಣಿ ಕಚೇರಿ. ಅಲ್ಲಿಯ ಗುಮಾಸ್ತೆ ಕನ್ನಡಕದ ಮೇಲಿಂದ ನೋಡಿ, ‘ಡೇಟ್ ಇಲ್ಲ, ಆಸ್ಪತ್ರೆ ಹೆಸರಿಲ್ಲ. ಯಾವ್ ಪುಸ್ತಕ ತೆಗೀಲಿ ಸಾರ್?’ ಎಂದರು.

‘ಎಪ್ಪತ್ತೆರಡನೇ ಇಸವಿಯದು ಪೂರ್ತಿ.’

‘ಪೂರ್ತಿನಾ? ನಾನು ರಿಟೈರ್ ಆಗೋದ್ರೊಳಗೆ ಬೇಕಾ, ಆಮೇಲಾದ್ರೂ ಆಗುತ್ತಾ?’

ಮೂರನೇ ಸಲ ಹೋದಾಗ ಪುಸ್ತಕ ತೆಗೆಸಿ ಇಟ್ಟಿದ್ದರು. ಇಬ್ಬರೂ ಕೂತು ನೋಡಿದೆವು. ದ್ಯಾಮಣ್ಣ ಎಂಬ ಹೆಸರಿಲ್ಲ. ಆಕೆ ನನಗಿಂತ ಹೆಚ್ಚು ಬೇಸರಪಟ್ಟು, ‘ಇಲ್ಲ ಅನ್ನೋದಕ್ಕೂ ಒಂದು ಸರ್ಟಿಫಿಕೇಟ್ ಇದೆ ಸಾರ್, ಅರ್ಜಿ ಹಾಕಿ ಹೋಗಿ’ ಎಂದರು. ಹಾಕಿದ್ದೇನೆ.

ನನ್ನ ಮನೆಯಲ್ಲೂ ಹುಡುಕಿದೆ. ನಮ್ಮ ತಾಯಿ ಸೀತಾಲಕ್ಷ್ಮಿಯ ಕಾಲದಲ್ಲಿ ಸಾವಿನ ಸುದ್ದಿಯ ಕಾರ್ಡು ಮೂಲೆಗೆ ಕಾಡಿಗೆ ಹಚ್ಚಿಕೊಂಡು ಬರುತ್ತಿತ್ತು. ಅದನ್ನು ಗೇಟಿನ ಬಳಿಯೇ ಓದಿ, ಹರಿದು, ಸ್ನಾನ ಮಾಡಿ ಒಳಗೆ ಬರಬೇಕು. ಮೂಲೆಗೆ ಅರಿಶಿನವಿದ್ದರೆ ಶುಭ. ಅಂಥವೆಲ್ಲ ಒಂದು ಕೆಂಪು ದಾರದ ಕಟ್ಟಿನಲ್ಲಿ ಇವೆ. ಹಾಗಾಗಿ ನನ್ನ ವಂಶವೃಕ್ಷದಲ್ಲಿ ಎಲ್ಲರಿಗೂ ಮದುವೆಯಾಗಿದೆ, ಯಾರೂ ಸತ್ತಿಲ್ಲ.

ಒಂದು ಪ್ರಶ್ನೆಯಂತೂ ಎರಡು ವರ್ಷದಿಂದ ಹಾಗೇ ಉಳಿದಿದೆ. 1972ರಲ್ಲಿ, ಈ ಮನೆಗೆ ಬಂದ ಮೊದಲ ವರ್ಷ, ನಮ್ಮಲ್ಲಿ ದೀಪಾವಳಿ ಮಾಡಲಿಲ್ಲ. ನನಗಾಗ ಆರು ವರ್ಷ. ಪಟಾಕಿ ಬೇಕೆಂದು ಅತ್ತಾಗ ಅಮ್ಮ, ‘ಸೂತಕ ಕಣೋ, ನಿಮ್ಮಪ್ಪನ ಕಡೆಯವರು ಹೋಗಿದಾರೆ’ ಎಂದದ್ದು ನೆನಪಿದೆ. ಹೋದ ದಾಯಾದಿ ಯಾರು? ಆ ವರ್ಷ ನಮ್ಮ ಕಡೆ ಯಾರೂ ತೀರಿಕೊಂಡಿಲ್ಲವೆಂದು ಎಲ್ಲ ಹಿರಿಯರೂ ಹೇಳುತ್ತಾರೆ.

ನಿಮ್ಮ ಕೆಲಸದ ನಡುವೆ ನನ್ನದನ್ನು ತಂದದ್ದಕ್ಕೆ ಬೇಸರಿಸಬೇಡಿ. ಇನ್ನು ಸುಬ್ರಹ್ಮಣ್ಯಪುರ ಉಳಿದಿದೆ. ಖಣಿ ಮುಚ್ಚಿ ಅದರ ಮೇಲೆ ಅಪಾರ್ಟ್‌ಮೆಂಟ್ ಬಂದಿದೆ. ಹತ್ತಿರ ಹಳೆಯ ಊರಿನ ಸ್ಮಶಾನವೊಂದು ಇದೆಯಂತೆ. ಅಲ್ಲಿಗೆ ಹೋಗುತ್ತೇನೆ.

ಅನಂತರಾಮು

*

ಕುಷ್ಟಗಿ
2 ಸೆಪ್ಟೆಂಬರ್ 2023

ಸರ್,

ಮೂರು ಪುಟದ ಕಾಗದಕ್ಕೆ ಮೂರು ಸಾಲಿನ ಉತ್ತರ. ಅವ್ವ ಅನ್ನ ಬಿಟ್ಟಿದ್ದಾಳೆ, ಅಂಬಲಿ ಮಾತ್ರ. ಗುರುಬಸಪ್ಪನವರು ಎರಡು ಸಲ ಕೇಳಿ ಹೋದರು. ಸುಬ್ರಹ್ಮಣ್ಯಪುರದಲ್ಲಿ ಏನು ಕಂಡಿತೋ ಬರೆಯಿರಿ.

ದಾನಮ್ಮ

*

ಜಯನಗರ
17 ಅಕ್ಟೋಬರ್ 2023
(ಅಂಚೆಗೆ ಹಾಕಲಿಲ್ಲ)

ದಾನಮ್ಮ ಮೇಡಂ,

ಸಿಕ್ಕಿತು.

ಸ್ಮಶಾನ ಈಗ ಎರಡು ಗೋಡೆಗಳ ನಡುವೆ ಉಳಿದ ತುಂಡು ನೆಲ. ನೋಡಿಕೊಳ್ಳುವ ಹನುಮಯ್ಯನವರಿಗೆ ಎಪ್ಪತ್ತರ ಹತ್ತಿರ. ಅವರಿಗಿಂತ ಮೊದಲು ಅವರ ಅಪ್ಪ ನೋಡಿಕೊಳ್ಳುತ್ತಿದ್ದರಂತೆ.

‘ನಿಮಗೆ ಏನಾಗ್ಬೇಕು ಸಾರ್ ಅವರು?’ ಎಂದರು.

‘ಏನೂ ಆಗ್ಬೇಕಾಗಿಲ್ಲ.’

‘ಏನೂ ಆಗದೇ ಇರೋರನ್ನ ಹುಡುಕ್ಕೊಂಡು ಈ ಬಿಸಿಲಲ್ಲಿ ಬಂದ್ರಾ? ಸ್ವಂತದೋರೇ ಬರಲ್ಲ. ಕೂತ್ಕೊಳಿ, ಟೀ ತರಿಸ್ತೀನಿ.’

ಟ್ರಂಕಿನಿಂದ ಅವರಪ್ಪನ ನೋಟುಬುಕ್ಕುಗಳನ್ನು ತೆಗೆದರು. ಸರ್ಕಾರದ ಪುಸ್ತಕವಲ್ಲ, ಶಾಲೆಯ ಮಕ್ಕಳ ನೋಟುಬುಕ್ಕು. ಅಪ್ಪ ಮೂರನೇ ಕ್ಲಾಸು ಓದಿದ್ದರಂತೆ. ಪ್ರತಿ ಪುಟಕ್ಕೂ ಸ್ಕೇಲಿಟ್ಟು ಗೆರೆ ಎಳೆದಿದ್ದಾರೆ: ಹೆಸರು, ಊರು, ಏನಾಗಿ, ಎಲ್ಲಿ ಮಲಗಿದ್ದಾರೆ, ಮಣ್ಣು ಕೊಟ್ಟವರು, ಸಂಬಂಧ. ನಲವತ್ತು ವರ್ಷಗಳ ಸಾವು, ಒಂದೇ ಕೈಬರಹದಲ್ಲಿ. ಯಾರೂ ಬರೆಯಿರಿ ಎಂದಿರಲಿಲ್ಲ. ಹೆಸರು ಗೊತ್ತಿಲ್ಲದ ಕಡೆ ‘ಕೆಂಪು ಪಂಚೆ, ಎಡಗಾಲು ಗಾಯ’ ಎಂದು ಬರೆದಿದ್ದಾರೆ. ಆ ಪುಟಗಳನ್ನು ತಿರುವುವಾಗ ನಾನು ಚಪ್ಪಲಿ ಬಿಟ್ಟಿದ್ದೆ ಎನ್ನುವುದು ಎದ್ದು ಹೊರಡುವಾಗ ಗೊತ್ತಾಯಿತು.

30 ಅಕ್ಟೋಬರ್ 1972. ದ್ಯಾಮಣ್ಣ. ಕುಷ್ಟಗಿ ಕಡೆ. ಜ್ವರ. ಮೂರನೇ ಸಾಲು, ಬೇವಿನ ಬುಡ. ಮಣ್ಣು ಕೊಟ್ಟವರು: ಶಿವರಾಮ್, ಜಯನಗರ. ಸಂಬಂಧ ಎಂಬ ಕಡೆಯಲ್ಲಿ: ತಮ್ಮ.

ಆ ಸಾಲನ್ನು ಎಷ್ಟು ಹೊತ್ತು ನೋಡಿದೆನೋ. ನನ್ನ ತಂದೆ ಮಾತು ಕಡಿಮೆಯವರು, ಆಚಾರ ಬಿಟ್ಟವರಲ್ಲ. ತನ್ನದಲ್ಲದ ಊರಿನಲ್ಲಿ ಸತ್ತ ಒಬ್ಬ ಕಲ್ಲುಕುಟಿಗನಿಗೆ ಮಣ್ಣು ಕೊಟ್ಟು, ‘ನನ್ನ ತಮ್ಮ’ ಎಂದು ಹೇಳಿದ್ದಾರೆ. ಹೇಳಿ, ಮನೆಗೆ ಬಂದು ತಮ್ಮನಿಗೆ ಹಿಡಿಯಬೇಕಾದ ಹತ್ತು ದಿನದ ಸೂತಕ ಹಿಡಿದಿದ್ದಾರೆ. ದೀಪಾವಳಿ ಆ ಹತ್ತು ದಿನದೊಳಗೆ ಬಂತು. ನನ್ನ ಪ್ರಶ್ನೆಗೂ ಉತ್ತರ ಸಿಕ್ಕಿತು.

ಮನೆಗೆ ಬಂದು ಪಂಕಜಾಗೆ, ಅಂದರೆ ನನ್ನ ಹೆಂಡತಿಗೆ, ಹೇಳಿದೆ. ಅಪ್ಪ ನಿಮ್ಮ ತಾಯಿಗೆ ಸುದ್ದಿ ತಿಳಿಸದೆ ಇರುವವರಲ್ಲ, ಆದರೆ ಈ ಮನೆಯಲ್ಲಿ ಸಾವಿನ ಕಾಗದ ಉಳಿಯುವುದಿಲ್ಲವಲ್ಲ ಎಂದೆ. ಅವಳು ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತದೆ, ‘ಅತ್ತೆ ಮೂಲೆ ನೋಡಿ ಇಡ್ತಿದ್ರು ಕಣ್ರೀ, ಒಳಗೇನು ಬರ್ದಿದೆ ಅಂತ ನೋಡಿ ಅಲ್ಲ. ಆ ಮದುವೆ ಕಟ್ಟು ಪೂರ್ತಿ ಬಿಚ್ಚಿದೀರಾ?’ ಎಂದಳು.

ಬಿಚ್ಚಿರಲಿಲ್ಲ. ಎರಡು ಲಗ್ನಪತ್ರಿಕೆಗಳ ನಡುವೆ ಒಂದು ಅಂಚೆಕಾರ್ಡು ಇತ್ತು. ನಾಲ್ಕೂ ಮೂಲೆಗೆ ಅರಿಶಿನ. ಬರಹ ಯಾರೋ ಶಾಲೆಯ ಮಾಸ್ತರರದು. ಮಾತು ಅವರದಲ್ಲ.

‘ಶಿವರಾಮಪ್ಪನೋರಿಗೆ ಹುಲಿಗೆವ್ವನ ಶರಣು. ನಿಮ್ಮ ಕಾರ್ಡು ಮುಟ್ಟಿತು. ಮಾಸ್ತರ ಕಡೆ ಓದಿಸಿ ಹರದೀನಿ. ನಮ್ಮವರು ಯಾರೂ ಇಲ್ಲದ ಕಡೆ ನೀವು ಮಣ್ಣು ಕೊಟ್ರಿ, ನಿಮ್ಮ ಮನಿ ತಣ್ಣಗಿರಲಿ. ನನ್ನ ಕೂಸು ದಾನವ್ವ ಅಪ್ಪ ಸುಗ್ಗಿಗೆ ಬರ್ತಾನ ಅಂತ ದಿನಾ ಊರ ಅಗಸಿ ಬಾಗಲಿಗೆ ಹೋಗಿ ಕುಂದರತೈತಿ. ಕಾರ್ಡು ಬಂದ ದಿನಾನೂ ಕುಂತಿತ್ತು. ಆ ದಾರಿ ನಾ ಮುಚ್ಚಂಗಿಲ್ಲ. ಕೂಸು ನನ್ನ ಹಣಿ ನೋಡತೈತಿ, ಅದಕ್ಕ ಕುಂಕುಮ ಅಳಸಂಗಿಲ್ಲ. ಮಾಸ್ತರು ಯಾರ ಮುಂದೂ ಹೇಳಂಗಿಲ್ಲ ಅಂತ ಆಣಿ ಮಾಡ್ಯಾರ. ನೀವೂ ಇನ್ನ ಕಾಗದ ಬರೀಬ್ಯಾಡ್ರಿ. ಇದು ಅಶುಭದ ಕಾಗದ ಅಲ್ಲ, ಮೂಲಿಗೆ ಅರಿಶಿಣ ಹಚ್ಚೀನಿ.’

ಇಪ್ಪತ್ತೊಂಬತ್ತು ವರ್ಷದ ಹೆಂಗಸು ಹೇಳಿ ಬರೆಸಿದ ಮಾತು ಇದು. ಆಮೇಲೆ ಐವತ್ತೊಂದು ವರ್ಷ, ದಿನವೂ ಬೆಳಗ್ಗೆ ಎದ್ದು, ಗೊತ್ತಿದ್ದೂ, ಹಣೆಗೆ ಇಟ್ಟುಕೊಂಡಿದ್ದಾರೆ. ನಾನು ಭೂಗೋಳದವನು, ಬೆಟ್ಟಗಳ ಎತ್ತರ ಹೇಳಿ ಮಕ್ಕಳನ್ನು ಬೆರಗುಗೊಳಿಸುವುದು ನನ್ನ ಕೆಲಸ. ಇದಕ್ಕೆ ನನ್ನಲ್ಲಿ ಅಳತೆಯಿಲ್ಲ.

ಅಮ್ಮ ಆ ಕಾರ್ಡನ್ನು ಓದದೆ ಮದುವೆಯ ಕಟ್ಟಿಗೆ ಸೇರಿಸಿದಳೋ, ಓದಿಯೇ ಸೇರಿಸಿದಳೋ, ಅದು ಇನ್ನು ಗೊತ್ತಾಗುವುದಿಲ್ಲ.

ಈ ಕಾಗದವನ್ನು ನೀವು ಅವರ ಎದುರು ಕೂತು ಓದುತ್ತೀರಿ. ಬರೆಯಬೇಡಿ ಎಂದು ಅವರು ಕೇಳಿಕೊಂಡದ್ದು ನನ್ನ ತಂದೆಯನ್ನು. ತಂದೆ ಬರೆಯಲಿಲ್ಲ. ನಾನು ಬರೆಯಬಹುದೇ?

*

ಜಯನಗರ
9 ನವೆಂಬರ್ 2023

ದಾನಮ್ಮ ಮೇಡಂ ಅವರಿಗೆ,

ಕಚೇರಿಯ ಪ್ರಮಾಣಪತ್ರ ಬಂದಿದೆ, ಲಗತ್ತಿಸಿದ್ದೇನೆ. ದ್ಯಾಮಣ್ಣ ಎಂಬವರ ಮರಣದ ದಾಖಲೆ 1972ರ ಪುಸ್ತಕದಲ್ಲಿ ಲಭ್ಯವಿಲ್ಲ ಎಂದಿದೆ. ಮೊಹರು, ಸಹಿ ಸರಿಯಾಗಿವೆ. ಗುರುಬಸಪ್ಪನವರಿಗೆ ತೋರಿಸಿ.

ಈ ಕಾಗದವನ್ನೂ ತಾಯಿಯವರಿಗೆ ಓದಿ ಹೇಳಿ. ಇಲ್ಲಿಂದ ಅವರಿಗೆ ಬೇರೆ ಯಾವ ಕಾರ್ಡೂ ಬರುವುದಿಲ್ಲ ಎಂದು ಶಿವರಾಮ್ ಅವರ ಮಗ ಹೇಳಿದ್ದಾನೆಂದು ತಿಳಿಸಿ.

ಅನಂತರಾಮು

*

ಕುಷ್ಟಗಿ
25 ನವೆಂಬರ್ 2023

ಅನಂತರಾಮು ಸರ್ ಅವರಿಗೆ,

ಕಾಗದ ಮುಟ್ಟಿತು. ಗುರುಬಸಪ್ಪನವರು ಮೊಹರನ್ನು ಬೆಳಕಿಗೆ ಹಿಡಿದು ನೋಡಿ, ‘ಸರ್ಕಾರನ ಇಲ್ಲ ಅಂದಮ್ಯಾಲ ನಂದೇನೈತಿ. ಅಕ್ಕ ಮುತ್ತೈದಿ’ ಅಂದರು. ಅವ್ವನಿಗೂ ಕೇಳಿಸುವಂತೆ ಅಂದರು.

ಇದರ ಮೂಲೆಯಲ್ಲಿ ಹಳದಿ ಕಲೆ ಕಂಡು ಅಚ್ಚರಿಪಡಬೇಡಿ. ನಿಮ್ಮ ಕಾಗದ ಓದಿ ಮುಗಿಸಿದಾಗ ಅವ್ವ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಎಂದುಕೊಂಡೆ. ಕೊನೆಯ ಸಾಲನ್ನು ಇನ್ನೊಮ್ಮೆ ಓದು ಎಂಬಂತೆ ಬೆರಳಾಡಿಸಿದಳು. ಓದಿದೆ. ಇವತ್ತು ನಾನು ಉತ್ತರ ಬರೆಯಲು ಕೂತಾಗ ಅರಿಶಿಣದ ಬಟ್ಟಲು ಬೇಕೆಂದು ಕೈಸನ್ನೆ ಮಾಡಿದಳು. ಎಡಗೈ ಬೆರಳು ಅದ್ದಿ, ನಾನಿನ್ನೂ ಏನೂ ಬರೆಯದ ಹಾಳೆಯ ನಾಲ್ಕೂ ಮೂಲೆಗೆ ಒಂದೊಂದಾಗಿ ಹಚ್ಚಿದಳು. ಒಂದು ಕಡೆ ಹೆಚ್ಚಾಗಿದೆ. ಕಾಗದಕ್ಕೆ ಅರಿಶಿಣ ಹಚ್ಚುವ ಮದುವೆ ಮುಂಜಿ ನಮ್ಮಲ್ಲಿ ಏನೂ ಇಲ್ಲ. ಲಕ್ವದವರು ಹಾಗೆ ಏನೇನೋ ಮಾಡುತ್ತಾರೆ.

ದಾನಮ್ಮ

*

ಕುಷ್ಟಗಿ
20 ಜನವರಿ 2024

ಅನಂತರಾಮು ಸರ್ ಅವರಿಗೆ,

ಅವ್ವ ಹೋಗಿ ಇಂದಿಗೆ ಹದಿಮೂರು ದಿನ. ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಹಣೆ ತುಂಬ ಕುಂಕುಮ ಇಟ್ಟು ಕಳಿಸಿದೆವು. ಬಳೆಗಳನ್ನು ಗುರುಬಸಪ್ಪನವರೇ ತಂದರು.

ಈಗ ಅವ್ವ ಇಲ್ಲ, ಓದಿ ಹೇಳಬೇಕಾಗಿಲ್ಲ. ಆದ್ದರಿಂದ ಕೇಳುತ್ತೇನೆ.

ನೀವು ಗುಮಾಸ್ತೆಯ ಕನ್ನಡಕದ ಬಗ್ಗೆಯೂ ಬರೆಯುವವರು. ಸುಬ್ರಹ್ಮಣ್ಯಪುರಕ್ಕೆ ಹೋಗುತ್ತೇನೆ ಎಂದಿರಿ, ಆಮೇಲೆ ಅದರ ಬಗ್ಗೆ ಒಂದು ಅಕ್ಷರವಿಲ್ಲ. ಮೂವತ್ತಾರು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳು ನಾನು. ಉತ್ತರ ಗೊತ್ತಿಲ್ಲದೆ ಬಿಟ್ಟ ಜಾಗ ಬೇರೆ, ಗೊತ್ತಿದ್ದೂ ಬಿಟ್ಟ ಜಾಗ ಬೇರೆ. ಮೊದಲು ನಿಮ್ಮ ಮೇಲೆ ಸಿಟ್ಟು ಬಂತು, ಹುಡುಕಿ ಬೇಸತ್ತಿರಿ ಎಂದುಕೊಂಡೆ. ಆಮೇಲೆ ಆ ಅರಿಶಿಣ ನೆನಪಾಯಿತು. ಬುದ್ಧಿ ಕೆಟ್ಟವರು ನಾಲ್ಕೂ ಮೂಲೆಯನ್ನು ಲೆಕ್ಕ ತಪ್ಪದೆ ಹುಡುಕುವುದಿಲ್ಲ.

ಅವ್ವ ಹೋಗುವ ಒಂದು ವಾರ ಮೊದಲು, ಒಂದು ಸಂಜೆ ಕೇಳಿಯೇಬಿಟ್ಟೆ. ‘ಅವ್ವಾ, ನಿನಗ ಮೊದಲ ಗೊತ್ತಿತ್ತೇನು?’ ಅವಳು ನನ್ನ ಗಲ್ಲ ಹಿಡಿದು ಅಗಸಿಯ ಕಡೆ ನೋಡಿದಳು. ಚಿಕ್ಕವಳಿದ್ದಾಗ ಸಂಜೆ ಅಲ್ಲಿಂದ ನನ್ನನ್ನು ಎಬ್ಬಿಸಿಕೊಂಡು ಬರುವಾಗಲೂ ಹೀಗೇ ಗಲ್ಲ ಹಿಡಿಯುತ್ತಿದ್ದಳು.

ನಾನು ಅಗಸಿಗೆ ಹೋಗುವುದನ್ನು ಬಿಟ್ಟದ್ದು ಯಾವಾಗ ಎಂದು ನನಗೇ ನೆನಪಿಲ್ಲ. ಯಾರೂ ಬಿಡಿಸಲಿಲ್ಲ. ತಾನಾಗಿ ಬಿಟ್ಟಿತು. ಅಷ್ಟು ಹೊತ್ತು ಅವಳು ಕಾದಳು ಎಂದು ಈಗ ಅನ್ನಿಸುತ್ತದೆ.

ಅಪ್ಪ ಎಲ್ಲಿದ್ದಾರೆ?

ದಾನಮ್ಮ

*

ಜಯನಗರ
4 ಫೆಬ್ರವರಿ 2024

ದಾನಮ್ಮಕ್ಕನಿಗೆ,

ಮೂರನೇ ಸಾಲು, ಬೇವಿನ ಬುಡ. ಬೇವು ಇನ್ನೂ ಇದೆ.

ಅಕ್ಟೋಬರ್‌ನಲ್ಲಿ ಬರೆದು ಇಟ್ಟುಕೊಂಡ ಕಾಗದ ಇದರೊಳಗಿದೆ. ಅದರ ಜೊತೆ ಒಂದು ಹಳೆಯ ಕಾರ್ಡೂ ಇದೆ. ಐವತ್ತೊಂದು ವರ್ಷ ನಮ್ಮ ಮನೆಯ ಮದುವೆಯ ಕಾಗದಗಳ ನಡುವೆ ಇತ್ತು. ಅದು ನಿಮ್ಮದು. ಓದುವಾಗ ಕೂತುಕೊಂಡಿರಿ. ಓದಿದ ಮೇಲೆ ನಾನು ನಿಮ್ಮನ್ನು ಅಕ್ಕ ಎಂದು ಕರೆದದ್ದು ಯಾಕೆಂದು ತಿಳಿಯುತ್ತದೆ. ನನ್ನ ತಂದೆ ಬರೆಸಿದ ಸಂಬಂಧ ಅದು, ನಾನು ತಿದ್ದುವಂಥದ್ದಲ್ಲ. ವಂಶವೃಕ್ಷದಲ್ಲಿ ಅವರ ಹೆಸರಿನ ಪಕ್ಕದ ಪ್ರಶ್ನೆಯನ್ನು ಅಳಿಸಿ ದ್ಯಾಮಣ್ಣ ಎಂದು ಬರೆದಿದ್ದೇನೆ. ಕೆಳಗೆ ನಿಮ್ಮ ಹೆಸರು.

ಸಿಮೆಂಟಿನ ಇಳಿಜಾರನ್ನು ಹೋದ ವಾರ ಒಡೆಸಿದೆವು. ಕೆಲಸದವರು, ‘ಸ್ಕೂಟರ್ ಎಲ್ ನಿಲ್ಲಿಸ್ತೀರಾ ಸಾರ್?’ ಎಂದು ಕೇಳಿದರು. ರಸ್ತೆಯಲ್ಲಿ ಎಂದಳು ಪಂಕಜಾ. ಕಮಲಕ್ಕೆ ಎಂಟು ಎಸಳು. ನಿಮ್ಮ ತಾಯಿಯ ಬೆರಳು ಹೋದ ಜಾಗದಲ್ಲಿ ಐದನೆಯದು ಇದೆ. ಪೂರ್ತಿ ಅಚ್ಚು ತೆಗೆದು ಕಳಿಸಿದ್ದೇನೆ.

ಹನುಮಯ್ಯನವರಿಗೆ ಹೇಳಿದ್ದೇನೆ. ‘ಬರ್ಲಿ ಸಾರ್, ಸ್ವಂತದೋರು ಬರೋದೇ ಅಪರೂಪ. ಆವತ್ತು ನಾನೇ ಟೀ ಮಾಡ್ತೀನಿ’ ಎಂದರು. ನೀವು ಬನ್ನಿ. ಹೇಗೂ ಸುಗ್ಗಿ ಈಗ ಮುಗಿಯುತ್ತ ಬಂದಿರಬೇಕು.

ಲಕೋಟೆಯ ಮೂಲೆಗೆ ಏನು ಹಚ್ಚಬೇಕೆಂದು ಪಂಕಜಾಳನ್ನು ಕೇಳಿದೆ. ಅವಳು ಅರಿಶಿನದ ಡಬ್ಬಿ ತಂದಿಟ್ಟಳು.

ಅನಂತರಾಮು